ನಡುವಿಗೆ ಬಾರದ ಸ್ಟೇರಿಂಗ್

27 ನವೆಂಬರ್ 2024, ಬುಧವಾರ, ಬನಹಟ್ಟಿ

ಮನೆಯಲ್ಲಿ ಎಂಟನೆಯ ದಿನ. ಹದಿನಾರು ವರ್ಷ ಈ ಟ್ರಿಪ್ ಬುಕ್ಕಿನಲ್ಲಿ ಹೊರಟ ಹೊತ್ತು, ಮುಟ್ಟಿದ ಹೊತ್ತು, ಓಡಿದ ಕಿಲೋಮೀಟರು ಬರೆದಿದ್ದೇನೆ. ಈಗ ಬರೆಯಲು ಅದ್ಯಾವುದೂ ಇಲ್ಲ. ಆದರೂ ಬೆಳಗ್ಗೆ ನಾಲ್ಕೂವರೆಗೆ ಎಚ್ಚರಾಗುತ್ತದೆ, ಕೈ ಬುಕ್ಕನ್ನು ಹುಡುಕುತ್ತದೆ. ಇವತ್ತು ಸಿಕ್ಕಿತು, ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಕಳೆದ ಬುಧವಾರ ಬೆಳಗಿನ ಪಾಳಿಯ ಜನರನ್ನು ತುಂಬಿಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟಿದ್ದೆ. ಮಹಾಲಿಂಗಪುರ ದಾಟಿ ಎರಡನೆಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಲಿಲ್ಲ. ಬಸ್ಸು ಕಬ್ಬಿನ ಹೊಲಕ್ಕೆ ಇಳಿದು ವಾಲಿತು. ಒಳಗೆ ಇಪ್ಪತ್ತಾರು ಜನ. ಹೆಚ್ಚಿನವರಿಗೆ ತರಚು ಗಾಯ. ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಶಂಕ್ರೆವ್ವನ ತೊಡೆಯ ಎಲುಬು ಮುರಿಯಿತು. ನನಗೆ ಗಲ್ಲದ ಮೇಲೆ ಒಂದು ಗೀರು, ಅದೂ ಕಬ್ಬಿನ ಒಣಗರಿಯದು, ರವದಿಯದು.

ಸ್ಟೇರಿಂಗ್ ಕೈಕೊಟ್ಟಿತೆಂದು ಅಲ್ಲೇ ಎಲ್ಲರ ಮುಂದೆ ಹೇಳಿದೆ. ಎರಡು ದಿನದ ಹಿಂದೆಯಷ್ಟೇ ಶಿವಯೋಗೆಪ್ಪ ಮಿಸ್ತ್ರಿ ಅದನ್ನು ಬಿಚ್ಚಿ ಜೋಡಿಸಿದ್ದ. ಗಾಡಿಯ ಮಾಲೀಕರು ಗಿರಿಮಲ್ಲಪ್ಪ ಸಾವಕಾರರು ಸಂಜೆಗೇ ಅವನನ್ನು ಗ್ಯಾರೇಜಿನ ಕೆಲಸದಿಂದ ಬಿಡಿಸಿದರು. ಆರ್‌ಟಿಓದವರು ಬಂದು ನೋಡಿ, ಮುಂದಿನ ಆಕ್ಸಲ್ಲೇ ಮುರಿದಿರುವುದರಿಂದ ಮೊದಲು ಏನಾಗಿತ್ತೆಂದು ಹೇಳಲು ಬರುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಹೀಗಾಗಿ ಇರುವುದು ನನ್ನ ಮಾತೊಂದೇ. ಅದನ್ನು ಠಾಣೆಯಲ್ಲಿ ಬರೆದು ಸಹಿ ಮಾಡುವುದು ಬಾಕಿ.

ನಾನು ಸುಳ್ಳು ಹೇಳಿಲ್ಲ. ಸ್ಟೇರಿಂಗ್ ತಿರುಗಲಿಲ್ಲ. ಅಷ್ಟೇ.

30 ನವೆಂಬರ್, ಶನಿವಾರ

"ಹತ್ತ ಸಲ ರಸ್ತೆಕ್ಕ ಹೋಗಿ ಬಂದ್ರಿ. ಬಿಸಲಾಗ ಏನ ನೋಡಾಕತ್ತೀರಿ?" ಎಂದು ಶೈಲಾ ಕೇಳಿದಳು. ಹೆಂಡತಿಗೆ ಏನು ಹೇಳುವುದು? ಓಣಿಯ ಮಗ್ಗಗಳ ಸದ್ದು ಕೇಳಿದರೆ ಇಂಜಿನ್ ಚಾಲೂ ಇದ್ದಂತೆ ಅನ್ನಿಸಿ ಕಾಲು ತಾನೇ ಕ್ಲಚ್ಚು ತುಳಿಯುತ್ತದೆ.

ಮಧ್ಯಾಹ್ನ ಕಾಕಾನ ಮಗ ವೀರೇಶ ಬಂದ. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೈಯಲ್ಲಿ ಮೊಳದುದ್ದದ ಒಂದು ಕಾರು. ಮಕ್ಕಳ ಆಟಿಗೆಯಲ್ಲ. ರಿಮೋಟಿನಿಂದ ಓಡಿಸುವ ರೇಸಿನ ಕಾರು. ಡಾಂಬರು, ಸಿಮೆಂಟಿನಂಥ ಸಪಾಟು ನೆಲದ ಮೇಲೆ ಓಡುವಂಥದ್ದಕ್ಕೆ ಟೂರಿಂಗ್ ಕಾರ್ ಎನ್ನುತ್ತಾರಂತೆ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅವನೂ ಇನ್ನೈದಾರು ಜನರೂ ಪ್ರತಿ ರವಿವಾರ ಮಹಾಲಿಂಗಪುರದ ಎಪಿಎಂಸಿ ಕಟ್ಟೆಯ ಮೇಲೆ ಇವನ್ನು ಓಡಿಸುತ್ತಾರೆ. ಆ ದಿನ ಬೆಲ್ಲದ ಹರಾಜು ಇರುವುದಿಲ್ಲ, ಜಾಗ ಖಾಲಿ.

"ಕೈ ತುರಸಾಕತ್ತಾವಲಾ, ತಗೋ ಅಣ್ಣಾ. ಬಸ್ ಬರೂತನಕ ಇದನ್ನ ಹೊಡಿ."

ರಿಮೋಟಿಗೆ ಬಳೆಯಷ್ಟು ಒಂದು ಚಕ್ರವಿದೆ. ಅದೇ ಸ್ಟೇರಿಂಗು. ಹಿಡಿದ ಕೂಡಲೇ ಕೆಳಗಿಟ್ಟೆ. ಮತ್ತೆ ಹಿಡಿದೆ. ಸಂಜೆ ಕೂತು ಕಾರಿನ ಸ್ಕ್ರೂಗಳನ್ನೆಲ್ಲ ಒಂದೂ ಬಿಡದೆ ಬಿಗಿದೆ. ಸಡಿಲಿದ್ದದ್ದು ನನಗೆ ಆಗುವುದಿಲ್ಲ.

1 ಡಿಸೆಂಬರ್, ರವಿವಾರ

ಕಾರು ಎಡಕ್ಕೆ ತಿರುಗುತ್ತದೆ, ಆದರೆ ಚಕ್ರ ಬಿಟ್ಟರೆ ಗಾಲಿ ನಡುವಿಗೆ ಬರುವುದಿಲ್ಲ. ನೆಟ್ಟಗೆ ಹೋಗಬೇಕಾದ ಕಡೆ ಓರೆಯಾಗಿ ಹೋಗಿ ಕಟ್ಟೆಗೆ ಬಡಿಯಿತು. ನಾಲ್ಕು ಸಲ. ಉಳಿದವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮುಂದಿನ ಗಾಲಿ ತಿರುಗಿಸುವುದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕರಿ ಡಬ್ಬಿ. ಅದಕ್ಕೆ ಸರ್ವೋ ಎನ್ನುತ್ತಾರೆ. ಒಳಗೆ ಸಣ್ಣ ಮೋಟರು, ಹಲ್ಲುಗಾಲಿ. ರಿಮೋಟು ಎಷ್ಟು ಹೇಳಿತೋ ಅಷ್ಟು ತಿರುಗಿ ನಿಲ್ಲುವುದು ಅದರ ಕೆಲಸ.

"ಸರ್ವೋ ಕೆಟ್ಟೈತಿ" ಎಂದೆ.

"ನೋಡೂಣ ತಡಿ ಅಣ್ಣಾ" ಎಂದ ವೀರೇಶ.

"ನೋಡೂದೇನೈತಿ? ನಾ ಇತ್ತ ತಿರುವೇನಿ, ಅದು ತಿರುಗಿಲ್ಲ. ಸರ್ವೋನ ಕೆಟ್ಟೈತಿ."

ಧ್ವನಿ ಏರಿತ್ತೇನೋ. ಎಲ್ಲರೂ ತಿರುಗಿ ನೋಡಿದರು.

3 ಡಿಸೆಂಬರ್, ಮಂಗಳವಾರ

ಇಡೀ ದಿನ ವೀರೇಶನ ಅಂಗಡಿಯಲ್ಲಿ. ಸರ್ವೋದಲ್ಲಿ ಇಷ್ಟೆಲ್ಲ ಇದೆಯೆಂದು ಗೊತ್ತಿರಲಿಲ್ಲ. ನೋಡಬೇಕಾದ್ದು ಎರಡು. ಒಂದು ತಾಕತ್ತು, ಅದನ್ನು ಕಿಲೋದಲ್ಲಿ ಹೇಳುತ್ತಾರೆ. ಇನ್ನೊಂದು ಚುರುಕು, ಅರವತ್ತು ಡಿಗ್ರಿ ತಿರುಗಲು ಎಷ್ಟು ಸೆಕೆಂಡು ಎಂದು. ಕಾರಿನಲ್ಲಿ ಈಗಿರುವುದು ಪ್ಲಾಸ್ಟಿಕ್ ಹಲ್ಲಿನದು, ಮೂರು ಕಿಲೋ. ಅಂಗಡಿಯಲ್ಲಿ ಇನ್ನೆರಡಿವೆ. ಒಂದು ಇಪ್ಪತ್ತೈದು ಕಿಲೋದ್ದು, ಉಕ್ಕಿನ ಹಲ್ಲು. ತೆಗ್ಗು ದಿಣ್ಣೆ ಹತ್ತುವ ದೊಡ್ಡ ಗಾಲಿಯ ಗಾಡಿಗೆ ಹಾಕುವಂಥದ್ದು. ಇನ್ನೊಂದು ಗಿಡ್ಡನೆಯದು, ಒಂಬತ್ತೇ ಕಿಲೋ, ಆದರೆ ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಬೇಗ ತಿರುಗುತ್ತದೆ.

"ಟೂರಿಂಗ್ ಕಾರಿಗೆ ತಾಕತ್ತ ಸಾಕಷ್ಟಿದ್ರ ಸಾಕು, ಚುರುಕ ಬೇಕು. ತಿರುವು ಬರೂದ್ರಾಗ ಗಾಲಿ ತಿರಗಿರಬೇಕು" ಎಂದ ವೀರೇಶ.

ನಾನು ಇಪ್ಪತ್ತೈದು ಕಿಲೋದ್ದನ್ನೇ ಎತ್ತಿಕೊಂಡೆ. ತಿರುಗುವುದಿಲ್ಲ ಎನ್ನುವ ಮಾತೇ ಬರಬಾರದು. ಅದನ್ನು ಕೂರಿಸುವ ಪಟ್ಟಿ ಬೇರೆ ಬೇಕು, ಬೆಳಗಾವಿಯಿಂದ ತರಿಸುತ್ತೇನೆ ಎಂದ.

ರೊಟ್ಟಿ ಬಡಿಯುತ್ತ ಶೈಲಾ ಕೇಳಿದಳು, "ನಿದ್ದಿ ಹತ್ತವಲ್ದೇನ್ರಿ?"

"ಕೆಲಸಿಲ್ಲದ ಮನಷ್ಯಾಗ ನಿದ್ದಿ ಹೆಂಗ ಹತ್ತತೈತಿ?"

"ಕೆಲಸಿದ್ದ ದಿನಾನೂ ಮಲಗಿರಲಿಲ್ಲಲ್ರಿ."

ಅಷ್ಟೇ ಅಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ದಿನದ ಮಾತು ಈಗ ಯಾಕೆ ಬೇಕಿತ್ತೋ.

6 ಡಿಸೆಂಬರ್, ಶುಕ್ರವಾರ

ಜಮಖಂಡಿಯ ದವಾಖಾನೆಗೆ ಹೋಗಿದ್ದೆ, ಶಂಕ್ರೆವ್ವನನ್ನು ನೋಡಲು. ಬಸ್ಸಿನಲ್ಲಿ ಹೋದೆ. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು, ಕೂರಲಿಲ್ಲ. ಹಿಂದೆ ಹೋಗಿ ನಿಂತೆ.

ಕಾಲಿಗೆ ತೂಕ ಕಟ್ಟಿ ಎಳೆದಿದ್ದಾರೆ. ನನ್ನನ್ನು ಕಂಡು ಎದ್ದು ಕೂರಲು ನೋಡಿದಳು. "ಅಯ್ಯ ನನ್ನಪ್ಪಾ, ನೀ ಯಾಕ ಅಳುಮಾರಿ ಮಾಡ್ಕೊಂಡೀ? ನೀ ಏನ ಮಾಡ್ತಿ? ಗಾಡೀನ ಕೈಕೊಟ್ಟ ಮ್ಯಾಲ. ನೀ ಇದ್ದಿ ಅಂತ ಇಷ್ಟರಾಗ ಉಳದೇವಿ. ಆ ಮಿಸ್ತ್ರಿ ಕೈ ಸೇದಿ ಹೋಗಲಿ. ಬೀರಪ್ಪ ದೇವರ ನೋಡ್ತಾನ ಅವನ."

ನನ್ನ ಕೈ ಹಿಡಿದುಕೊಂಡೇ ಅವನನ್ನು ಶಪಿಸಿದಳು. ಹಣ್ಣು ಇಟ್ಟು ಬಂದೆ. ಬರುವಾಗ ಮೆಟ್ಟಿಲಿನ ಲೆಕ್ಕ ತಪ್ಪಿ ಮುಗ್ಗರಿಸಿದೆ.

11 ಡಿಸೆಂಬರ್, ಬುಧವಾರ

ಪಟ್ಟಿ ಬಂತು. ಇಪ್ಪತ್ತೈದು ಕಿಲೋದ್ದು ಹಾಕಿದೆವು. ಗಾಲಿ ನಡುವಿಗೆ ಬಂತು! ಬಂತು, ಆದರೆ ನರಳುತ್ತ. ಸುಮ್ಮನೆ ನಿಂತಾಗಲೂ ಡಬ್ಬಿ ಗುಂಯ್ ಎನ್ನುತ್ತದೆ. ಕೈಯಿಟ್ಟರೆ ಸುಡುತ್ತದೆ. ತಿರುವಿನಲ್ಲಿ ಗಾಲಿ ತಿರುಗುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ. ಎರಡು ಸಲ ಕರೆಂಟನ್ನೆಲ್ಲ ಅದೇ ಎಳೆದುಕೊಂಡು ಕಾರು ನಡುದಾರಿಯಲ್ಲಿ ರಿಮೋಟಿನ ಮಾತು ಕೇಳುವುದನ್ನೇ ಬಿಟ್ಟಿತು.

"ಏನೋ ತಡೀತೈತಿ ಅಣ್ಣಾ. ಇದು ಜೋರ ಮಾಡಿ ತಿರುವಾಕತ್ತೈತಿ, ಅಷ್ಟ" ಎಂದ ವೀರೇಶ.

ಏನೂ ತಡೆಯುವುದಿಲ್ಲ. ಇದೂ ಸರಿ ಇಲ್ಲ. ಚುರುಕಿನದು ಹಾಕಬೇಕು.

13 ಡಿಸೆಂಬರ್, ಶುಕ್ರವಾರ

ಸಾವಕಾರರು ಮನೆಗೇ ಬಂದಿದ್ದರು. ಇಪ್ಪತ್ತಾರಕ್ಕೆ ಠಾಣೆಗೆ ಬರಬೇಕಂತೆ, ಹೇಳಿಕೆ ಬರೆದುಕೊಳ್ಳುತ್ತಾರೆ.

"ಹೇಳಿದ್ದನ್ನ ಹೇಳು, ಹೆಚ್ಚಿಗಿ ಒಂದ ಮಾತಾಡಬ್ಯಾಡ. ಸಂಕ್ರಮಣಕ್ಕ ಹೊಸ ಗಾಡಿ ಬರತೈತಿ. ನೀನ ಹೊಡಿಯಾವ."

ಹೊಸ ಗಾಡಿ ಎಂದಾಗ ಖುಷಿಯಾಗಬೇಕಿತ್ತು. ಚಹಾ ಕುಡಿದು ಹೋದರು. ಶೈಲಾ ಒಳಗಿನಿಂದ ಹೊರಗೆ ಬರಲಿಲ್ಲ.

15 ಡಿಸೆಂಬರ್, ರವಿವಾರ

ಎಪಿಎಂಸಿಗೆ ಹೋದೆ, ಓಡಿಸದೆ ಬಂದೆ. ಶಿವಯೋಗೆಪ್ಪ ಅಲ್ಲಿದ್ದ. ಬೆಲ್ಲದ ಅಂಗಡಿಯೊಂದರಲ್ಲಿ ಹಮಾಲಿಗೆ ಸೇರಿದ್ದಾನಂತೆ. ತಲೆಗೆ ಟವೆಲು ಸುತ್ತಿಕೊಂಡು ಬೆಲ್ಲದ ಪೆಂಟಿ ಹೊರುತ್ತಿದ್ದ. ಐವತ್ತೈದರ ಮನುಷ್ಯ. ಕಣ್ಣು ಮುಚ್ಚಿ ಇಂಜಿನ್ ಬಿಚ್ಚುತ್ತಿದ್ದವನು. ನನ್ನನ್ನು ಕಂಡವನೇ ಮುಖ ಆ ಕಡೆ ತಿರುಗಿಸಿದ. ಸಿಟ್ಟಿರಬೇಕು. ಇರಲೇಬೇಕು.

ಬೇರೆ ಗ್ಯಾರೇಜು ಇಲ್ಲವೇ ಇವನಿಗೆ?

18 ಡಿಸೆಂಬರ್, ಬುಧವಾರ

ಗಿಡ್ಡ ಸರ್ವೋ ಹಾಕಿದೆವು. ಈ ಸಲ ಅವಸರ ಮಾಡಲಿಲ್ಲ. ಮೊದಲು ಸರ್ವೋ ನಡುವಿಗೆ ನಿಲ್ಲುವಂತೆ ಮಾಡಿ, ಆಮೇಲೆ ಅದರ ತೋಳನ್ನು ಹಲ್ಲಿಗೆ ಹಲ್ಲು ಕೂರಿಸಿ ಸ್ಕ್ರೂ ಹಾಕಿದೆ. ಟಕ್ ಎಂದರೆ ಆ ಕಡೆ, ಟಕ್ ಎಂದರೆ ಈ ಕಡೆ. ನೋಡುವುದಕ್ಕೇ ಸಂತೋಷ.

ನೆಲಕ್ಕೆ ಬಿಟ್ಟೆ. ನಡುವಿಗೆ ಬರುವುದಿಲ್ಲ. ಮತ್ತೆ ಅದೇ.

ಮೂರು ಸರ್ವೋ. ಮೂರೂ ಕೆಟ್ಟಿರಲು ಸಾಧ್ಯವಿಲ್ಲ. ಹಾಗಾದರೆ ಏನು?

22 ಡಿಸೆಂಬರ್, ರವಿವಾರ

ಎಲ್ಲವನ್ನೂ ಬರೆಯಬೇಕು.

ಎಪಿಎಂಸಿ ಕಟ್ಟೆಯ ಮೂಲೆಯಲ್ಲಿ ಕೂತು ಕಾರು ತಿರುವಿ ಮುರುವಿ ನೋಡುತ್ತಿದ್ದೆ. ವೀರೇಶ ಇನ್ನೂ ಬಂದಿರಲಿಲ್ಲ. ಎದುರಿಗೆ ನೆರಳು ಬಿತ್ತು. ತಲೆ ಎತ್ತಿದರೆ ಶಿವಯೋಗೆಪ್ಪ.

"ಕೊಡ ಇಲ್ಲಿ. ಆಗಿಂದ ನೋಡಾಕತ್ತೇನಿ."

ಕೊಟ್ಟೆ. ಇಂಥ ಕಾರನ್ನು ಅವನು ಮುಟ್ಟಿದ್ದು ಅದೇ ಮೊದಲು. ಒಂದು ನಿಮಿಷ ಸುಮ್ಮನೆ ನೋಡಿದ. ಸರ್ವೋದಿಂದ ಗಾಲಿಗೆ ಹೋಗುವ ಕಡ್ಡಿಯನ್ನು ಬೆರಳಿನಿಂದ ತೋರಿಸಿದ. "ಇದನ್ನ ಬಿಚ್ಚು." ಬಿಚ್ಚಿದೆ. "ಈಗ ಸರ್ವೋ ಬ್ಯಾರೆ, ಗಾಲಿ ಬ್ಯಾರೆ. ಗಾಲಿ ಬೆರಳಿಂದ ತಿರುವು."

ತಿರುವಿದೆ. ಬಿಗಿಯಾಗಿತ್ತು. ಬಿಟ್ಟಲ್ಲೇ ನಿಂತಿತು.

"ಆ ಡಬ್ಬಿಗಿ ಯಾಕ ಬೈತಿ? ಅದರದೇನೂ ತಪ್ಪಿಲ್ಲ. ನೋಡ, ಈ ತಿರಗೂ ಜಾಗಾದಾಗ ಯಾವನೋ ಜೀವಾ ಹೋಗೂಹಂಗ ಬಿಗದಾನ."

"ನಾನ ಬಿಗದೇನಿ" ಎಂದೆ.

ಅವನು ನಕ್ಕ. "ಬಿಗೀದಷ್ಟೂ ಛಲೋ ಅಂತ ತಿಳದೀ? ತಿರಗೂ ಕಡೆ ಕೂದಲೆಳಿಯಷ್ಟು ಸಡ್ಲ ಬೇಕೋ ತಮ್ಮಾ." ಅರ್ಧ ಸುತ್ತು ಸಡಿಲಿಸಿದ. ಕಾರನ್ನು ಓರೆ ಮಾಡಿದರೆ ಗಾಲಿ ತಾನೇ ಆ ಕಡೆ ಬಿತ್ತು, ಈ ಕಡೆ ಓರೆ ಮಾಡಿದರೆ ಈ ಕಡೆ. ಕಡ್ಡಿ ಜೋಡಿಸಿ ಓಡಿಸಿದೆ. ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ಗಿಡ್ಡ ಸರ್ವೋ ಎಷ್ಟು ಚುರುಕೆಂದು ಆಗ ತಿಳಿಯಿತು. ಇದೇ ಇರಲಿ, ಇಪ್ಪತ್ತೈದು ಕಿಲೋದ್ದನ್ನು ವೀರೇಶನಿಗೆ ವಾಪಸು ಕೊಡಬೇಕು ಎಂದುಕೊಂಡೆ. ಅಲ್ಲಿಗೇ ಮಾತು ಮುಗಿಸಿ ಎದ್ದು ಬಂದಿದ್ದರೆ ಆಗುತ್ತಿತ್ತು. ನಾನೇ ಕೇಳಿದೆ.

"ಶಿವಯೋಗಣ್ಣ, ಬ್ಯಾರೆ ಗ್ಯಾರೇಜಿಗಿ ಯಾಕ ಹೋಗವಲ್ಲಿ?"

ಅವನು ನನ್ನ ಪಕ್ಕ ಕೂತ. ಬೆಲ್ಲ ಮೆತ್ತಿದ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ಕರದಾರ ಇಬ್ಬರು. ನಾನ ಹೋಗಿಲ್ಲ. ಅವತ್ತ ಸಂಜೀಕ ಸ್ಟೇರಿಂಗಿನ ನಟ್ ಬಿಗದೆ. ಅದು ಕಳಚಬಾರದಂತ ಒಂದ ಪಿನ್ ಹಾಕ್ತೇವಲಾ, ಅದನ್ನ ಕೈಯಾಗ ಹಿಡದದ್ದ ನೆನಪೈತಿ. ಹಾಕಿದ್ದ ನೆನಪಾಗವಲ್ದು. ಮೂವತ್ತ ವರ್ಷ ಹಾಕೇನಿ ಭೀಮಶಿ, ಆ ಒಂದ ಪಿನ್ ನೆನಪಾಗವಲ್ದು ನೋಡು. ಶಂಕ್ರೆವ್ವನ ಕಾಲು ನನ್ನ ಕೈಯಿಂದನ ಮುರೀತೋ ಏನೋ. ಮೊನ್ನೆ ನಿನ್ನ ಮುಖಾ ನೋಡಾಕ ನಾಚಿಕಿ ಆತು."

ಸಿಟ್ಟಲ್ಲ. ನಾಚಿಕೆ. ಅವನಿಗೆ.

"ಹಾಕಿರ್ತಿ ಬಿಡು" ಎಂದೆ.

"ಹಾಕಿದ್ರ ಸ್ಟೇರಿಂಗ್ ಯಾಕ ಕೈಕೊಡ್ತಿತ್ತು?"

ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ. ಬಸ್ಸಿನಲ್ಲಿ ಇದ್ದವನು ನಾನು, ನನಗೆ ಗೊತ್ತಿರುತ್ತದೆ ಎಂದು ನನ್ನ ಮುಖ ನೋಡುತ್ತ ಕಾದ. ಅಷ್ಟರಲ್ಲಿ ವೀರೇಶ ಬಂದ. ಶಿವಯೋಗೆಪ್ಪ ಎದ್ದು ಹೋದ.

23 ಡಿಸೆಂಬರ್, ಸೋಮವಾರ

ಬಸ್ಸು ಹೊಲಕ್ಕೆ ಇಳಿದದ್ದರ ಹಿಂದಿನ ರಾತ್ರಿ ಗಲಗಲಿಯಲ್ಲಿ ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಹಾಡಿಕೆ ಇತ್ತು. ಎರಡು ಮೇಳ, ಮಾತಿಗೆ ಮಾತು, ಪದಕ್ಕೆ ಪದ. ಎರಡು ತಾಸು ಕೇಳಿ ಬರುತ್ತೇನೆಂದು ಹೋದವನು ಏಳಲಿಲ್ಲ. ಮನೆಗೆ ಬಂದಾಗ ನಾಲ್ಕು ಗಂಟೆ. ಜಳಕ ಮಾಡಿ ಬಸ್ಸು ಹತ್ತಿದೆ. ಇವತ್ತೊಂದು ದಿನ ರಜೆ ಹಾಕ್ರಿ ಎಂದಿದ್ದಳು ಶೈಲಾ.

ಮಹಾಲಿಂಗಪುರ ದಾಟಿದ್ದು ನೆನಪಿದೆ. ಮೊದಲ ತಿರುವು ನೆನಪಿದೆ. ಕಣ್ಣು ಬಿಟ್ಟಾಗ ಗಾಜಿನ ತುಂಬ ಕಬ್ಬು.

ಸ್ಟೇರಿಂಗ್ ತಿರುಗಲಿಲ್ಲ ಎಂದು ಈ ಬುಕ್ಕಿನಲ್ಲಿ ಬರೆದಿದ್ದೇನೆ. ತಿರುಗಿಸಲು ನಾನು ಎಚ್ಚರವಿರಲಿಲ್ಲ.

24 ಡಿಸೆಂಬರ್, ಮಂಗಳವಾರ

ಏನೂ ಮಾಡಲಿಲ್ಲ. ರಬಕವಿತನಕ ನಡೆದುಕೊಂಡು ಹೋದೆ, ಶಿವಯೋಗೆಪ್ಪನ ಓಣಿಯ ಬಾಯಿಗೆ ನಿಂತೆ, ವಾಪಸು ಬಂದೆ. ಮಧ್ಯಾಹ್ನ ಮತ್ತೆ ಹೋದೆ. ಮತ್ತೆ ಬಂದೆ.

26 ಡಿಸೆಂಬರ್, ಗುರುವಾರ

ಠಾಣೆಯಲ್ಲಿ ಹವಾಲ್ದಾರರು ಬರೆಯಲು ಕೂತಿದ್ದರು. ಸಾವಕಾರರು ಪಕ್ಕದ ಕುರ್ಚಿಯಲ್ಲಿ.

"ಸ್ಟೇರಿಂಗ್ ಕೈಕೊಟ್ಟ ಕಾರಣ ಅಂತ ಬರೀಲೇನು?"

"ಬ್ಯಾಡ್ರಿ" ಎಂದೆ. "ಸ್ಟೇರಿಂಗ್ ಸರಿ ಇತ್ರಿ. ನನಗ ನಿದ್ದಿ ಹತ್ತಿತ್ತು."

ಪೆನ್ನು ನಿಂತಿತು. "ಏ ಭೀಮಶಿ, ತಲಿ ಸರಿ ಐತಿಲ್ಲೋ?" ಎಂದರು ಸಾವಕಾರರು.

"ಈಗ ಸರಿ ಐತ್ರಿ."

ಹವಾಲ್ದಾರರು ಎರಡು ಸಲ ಕೇಳಿ ಬರೆದುಕೊಂಡರು. ಕೇಸು ನನ್ನ ಮೇಲೆ ಬರುತ್ತದೆ, ಲೈಸನ್ಸು ಹೋಗುತ್ತದೆ, ಎಷ್ಟು ದಿನಕ್ಕೆ ಎಂದು ಆಮೇಲೆ ಗೊತ್ತಾಗುತ್ತದೆ ಎಂದರು. ಸಹಿ ಮಾಡಿದೆ. ಹೊರಗೆ ಬಂದೆ. ಸಾವಕಾರರು ಗಾಡಿ ಹತ್ತುತ್ತ, "ನನ್ನ ಗೇಟಿನ ಕಡೆ ಇನ್ನ ಬರಬ್ಯಾಡ" ಎಂದರು.

ಮನೆಗೆ ಬಂದಾಗ ಶೈಲಾ ಬಾಗಿಲಲ್ಲೇ ಇದ್ದಳು.

"ಹೇಳಿದ್ರಿ?"

"ಹೇಳಿದೆ."

"ಕೈಕಾಲ ತೊಳಕೊಂಡ ಬರ್ರಿ. ಉಣ್ಣೂಣು."

ಅವಳೂ ಉಂಡಿರಲಿಲ್ಲ. ಊಟವಾದ ಮೇಲೆ ಮಧ್ಯಾಹ್ನವೇ ಮಲಗಿದೆ. ದೀಪ ಹಚ್ಚುವ ಹೊತ್ತಿಗೆ ಅವಳು ಎಬ್ಬಿಸಿದಳು.

28 ಡಿಸೆಂಬರ್, ಶನಿವಾರ

ಶಂಕ್ರೆವ್ವನನ್ನು ಮನೆಗೆ ಕಳಿಸಿದ್ದಾರೆ. ಹೋಗಿ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ನಾನು ತಂದಿದ್ದ ಬಾಳೆಹಣ್ಣಿನ ಚೀಲವನ್ನು ಅವಳ ಸೊಸೆ ಹೊಸ್ತಿಲಿನ ಹೊರಗೆ ತಂದಿಟ್ಟಳು.

29 ಡಿಸೆಂಬರ್, ರವಿವಾರ

ಎಪಿಎಂಸಿಗೆ ಕಾರು ಒಯ್ಯಲಿಲ್ಲ.

ಶಿವಯೋಗೆಪ್ಪ ಒಂದು ಟೆಂಪೋಗೆ ಬೆಲ್ಲ ತುಂಬುತ್ತಿದ್ದ. ಸುತ್ತ ನಾಲ್ಕೈದು ಹಮಾಲರಿದ್ದರು. ಬದಿಗೆ ಕರೆಯಬೇಕೆಂದುಕೊಂಡಿದ್ದೆ, ಕರೆಯಲಿಲ್ಲ. ಕಬ್ಬಿನ ಹೊಲದಲ್ಲಿ ಎಲ್ಲರ ಮುಂದೆ ಹೇಳಿದ್ದೆನಲ್ಲ, ಇಲ್ಲೂ ಎಲ್ಲರ ಮುಂದೆಯೇ ಹೇಳಿದೆ. ನಿದ್ದೆ ಹತ್ತಿತ್ತೆಂದು, ಸ್ಟೇರಿಂಗಿಗೆ ಏನೂ ಆಗಿರಲಿಲ್ಲವೆಂದು, ಠಾಣೆಯಲ್ಲಿ ಬರೆಸಿದ್ದೇನೆಂದು.

ಹೆಗಲ ಮೇಲಿನ ಪೆಂಟಿಯನ್ನು ಅವನು ನಿಧಾನವಾಗಿ ಕೆಳಗಿಳಿಸಿದ.

"ಹಂಗಾದ್ರ ನಾ ಪಿನ್ ಹಾಕಿದ್ದೆ."

"ಹಾಕಿದ್ದಿ."

"ಹಾಕಿದ್ದೆ" ಎಂದ ಇನ್ನೊಮ್ಮೆ, ನನಗಲ್ಲ. ತನ್ನ ಅಂಗೈ ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು. "ಮೂವತ್ತೊಂಬತ್ತ ದಿನ. ಮೂವತ್ತೊಂಬತ್ತ ದಿನ ನನ್ನ ಕೈ ನಾನ ನಂಬಲಿಲ್ಲಲೇ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನಿಲ್ಲುತ್ತಿದ್ದೆ. ಅವನು ಹೊಡೆಯಲಿಲ್ಲ. ಬೈಯಲೂ ಇಲ್ಲ.

ಗೇಟಿನ ಹತ್ತಿರ ಜಮಖಂಡಿಯ ಲಾರಿಯೊಂದು ಬೆಳಗಿನಿಂದ ಚಾಲೂ ಆಗದೆ ನಿಂತಿತ್ತು. ಡ್ರೈವರ್ ಬಾನೆಟ್ಟು ಎತ್ತಿಕೊಂಡು ಫೋನಿನಲ್ಲಿ ಯಾರನ್ನೋ ಕರೆಯುತ್ತಿದ್ದ. ಶಿವಯೋಗೆಪ್ಪ ತಲೆಯ ಟವೆಲು ಬಿಚ್ಚಿ ಕೈಗೆ ಮೆತ್ತಿದ ಬೆಲ್ಲವನ್ನು ಬೆರಳು ಬೆರಳಾಗಿ ಒರೆಸಿಕೊಂಡ. ನನ್ನನ್ನು ದಾಟಿ ಆ ಕಡೆ ನಡೆದ.

"ಏ ಡ್ರೈವರ್, ಫೋನ್ ಇಡೋ. ಹದಿನೇಳರ ಪಾನಾ ಐತೇನ ನಿನ್ನ ಕಡೆ?"

ನಟ್ ಬಿಚ್ಚುವ ಪಾನಾ ಸಿಕ್ಕಿತು. ಬಾನೆಟ್ಟಿನ ಒಳಗೆ ಸೊಂಟದವರೆಗೆ ಬಗ್ಗಿದ. ನಾನು ಇನ್ನೂ ಸ್ವಲ್ಪ ಹೊತ್ತು ನಿಂತೆ, ತಿರುಗಿ ನೋಡಿದರೆ ಏನಾದರೂ ಹೇಳೋಣವೆಂದು. ಲಾರಿ ಎರಡು ಸಲ ಕೆಮ್ಮಿ ಚಾಲೂ ಆಯಿತು. ಅವನು ತಿರುಗಿ ನೋಡಲಿಲ್ಲ.